ಎತ್ತು ಏರಿಗೆ, ಕೋಣ ನೀರಿಗೆ

ಹಳೆಯ ಗೆಜೆಟಿಯರುಗಳಲ್ಲಿ ಹುಣಸೂರಿನ ಹೆಸರು ಅಮೃತಮಹಲ್ ರಾಸುಗಳೊಡನೆಯೂ ಗಾಡಿ ಕಟ್ಟುವ ಕೆಲಸದೊಡನೆಯೂ ಕೂಡಿಕೊಂಡು ಬರುತ್ತದೆ. ಗಾಡಿ ಕಟ್ಟುವ ಬಡಗಿಯು ಮುರಿದ ಚಕ್ರಕ್ಕೆ ಬದಲಾಗಿ ಬೇರೊಂದನ್ನು ತಂದಾಗ, ಅದರ ನಡುವಣ ತೂತು ಅಚ್ಚಿಗೆ ಸರಿಯಾಗಿ ಕೂಡುವುದೇ ಎಂದು ನೋಡದೆ ತೊಡಿಸುತ್ತಿರಲಿಲ್ಲ. ಕೂಡದಿದ್ದರೆ ಕಣ್ಣಿಗೇ ಕಾಣುತ್ತಿತ್ತು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಇಂದಿನ ಮೋಟಾರು ಕಾರಿನ ಕಷ್ಟವಿರುವುದು ಇಲ್ಲಿಯೇ. ಅದರಲ್ಲಿ ಕೆಲವು ಭಾಗಗಳು ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ಕೂಡುತ್ತವೆ, ತಿರುಪುಗಳು ಬಿಗಿಯಾಗುತ್ತವೆ, ತಂತಿಗಳ ಮೂತಿ ಸರಕ್ಕನೆ ಒಳಸೇರುತ್ತದೆ. ಆದರೂ ಗಾಡಿ ನಡೆಯುವುದಿಲ್ಲ. ಕಾರಣ, ಹೊಂದಬೇಕಾದದ್ದು ಕಬ್ಬಿಣವಲ್ಲ, ಜ್ಞಾಪಕ.

ಈ ಬಗೆಯ ಭಾಗಗಳಲ್ಲಿ ಮುಖ್ಯವಾದುದು ಎಂಜಿನ್ನಿನ ಕಂಪ್ಯೂಟರ್. ಗ್ಯಾರೇಜಿನವರು ಇದನ್ನು ಇಸಿಎಂ ಎಂದೋ ಇಸಿಯು ಎಂದೋ ಕರೆಯುತ್ತಾರೆ. ಅಂಗೈಗಿಂತ ತುಸು ದೊಡ್ಡದಾದ ಅಲ್ಯೂಮಿನಿಯಮ್ ಪೆಟ್ಟಿಗೆ; ಒಳಗೆ ಒಂದು ಹಲಗೆ, ಹಲಗೆಯ ಮೇಲೆ ಚಿಪ್ಪುಗಳು. ಎಷ್ಟು ಗಾಳಿ ಒಳಬಂದಿತು, ಚಾಲಕನ ಕಾಲು ಎಷ್ಟು ಒತ್ತಿತು, ನೀರು ಎಷ್ಟು ಕಾದಿದೆ ಎಂಬುದನ್ನೆಲ್ಲ ಸೆನ್ಸಾರುಗಳ ಮೂಲಕ ತಿಳಿದು, ಯಾವ ಗಳಿಗೆಯಲ್ಲಿ ಎಷ್ಟು ಇಂಧನ ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನು ಇದು ನಿರ್ಣಯಿಸುತ್ತದೆ. ಈ ವಿದ್ಯೆ ನಿನ್ನೆಯದಲ್ಲ. ಜರ್ಮನಿಯ ಬಾಷ್ ಸಂಸ್ಥೆಯವರು 1967ರಲ್ಲಿಯೇ ಫೋಕ್ಸ್‌ವ್ಯಾಗನ್ ಕಾರಿಗೆ ವಿದ್ಯುನ್ಮಾನ ಇಂಧನ ವ್ಯವಸ್ಥೆಯನ್ನು ಅಳವಡಿಸಿದರು. 1979ರಲ್ಲಿ ಇಂಧನ, ಕಿಡಿ ಎರಡನ್ನೂ ಒಂದೇ ಪೆಟ್ಟಿಗೆಯ ಅಧೀನಕ್ಕೆ ತಂದರು. ಬೆಂಗಳೂರಿನಲ್ಲಿ 1951ರಲ್ಲಿ ಸ್ಥಾಪಿತವಾಗಿ, ಮೈಕೋ ಎಂದೇ ಮನೆಮಾತಾಗಿ, 2008ರಲ್ಲಿ ಬಾಷ್ ಎಂಬ ಹೆಸರನ್ನು ತಾಳಿದ ಕಾರ್ಖಾನೆಯ ಮೂಲವೂ ಇದೇ ಸಂಸ್ಥೆ. ನಮ್ಮ ದೇಶದಲ್ಲಿ 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದಂತೆ ಹೊಸ ಪೆಟ್ರೋಲ್ ಕಾರುಗಳಿಂದ ಕಾರ್ಬ್ಯುರೇಟರ್ ಮರೆಯಾಗಿ, ಈ ಪೆಟ್ಟಿಗೆ ಪಟ್ಟವೇರಿತು.

ಇಲ್ಲಿಯವರೆಗೆ ತೊಡಕಿಲ್ಲ. ತೊಡಕು ಬಂದದ್ದು ಒಂದೇ ಎಂಜಿನ್ನಿಗೆ ಎರಡು ಬಗೆಯ ಗೇರ್‌ಬಾಕ್ಸುಗಳು ಜೊತೆಯಾದಾಗ. 2014ರಲ್ಲಿ ಮಾರುತಿ ಸುಜುಕಿಯವರ ಸೆಲೆರಿಯೊ ಕಾರಿನೊಡನೆ ಎಎಂಟಿ ಎಂಬ ಏರ್ಪಾಡು ನಮ್ಮ ನಾಡಿನ ಸಾಮಾನ್ಯ ಬೆಲೆಯ ಕಾರುಗಳಿಗೆ ಇಳಿದುಬಂದಿತು. ಗೇರ್‌ಬಾಕ್ಸು ಹಳೆಯ ಮಾದರಿಯದೇ. ಆದರೆ ಕ್ಲಚ್ಚನ್ನು ತುಳಿಯುವ, ಗೇರನ್ನು ಬದಲಿಸುವ ಕೆಲಸವನ್ನು ಚಾಲಕನ ಕೈಕಾಲುಗಳ ಬದಲು ಯಂತ್ರವೇ ಮಾಡುತ್ತದೆ. ಆ ತರುವಾಯ ಒಂದೇ ಹೆಸರಿನ, ಒಂದೇ ಬಣ್ಣದ, ಒಂದೇ ಎಂಜಿನ್ನಿನ ಕಾರುಗಳು ಎರಡು ಜಾತಿಯವಾದವು. ಬೆಂಗಳೂರಿನ ನೂಕುನುಗ್ಗಲಿನಲ್ಲಿ ಕ್ಲಚ್ ತುಳಿದು ಬೇಸತ್ತವರು ಕೊಂಡ ಸ್ವಯಂಚಾಲಿತ ಗೇರಿನ ಕಾರು ನಾಲ್ಕಾರು ವರ್ಷಗಳ ಮೇಲೆ, ತಂಬಾಕಿನ ಹರಾಜಿನಿಂದ ಕೈಯಲ್ಲಿ ನಾಲ್ಕು ಕಾಸು ಓಡಾಡುವ ದಿನಗಳಲ್ಲಿ, ಪಿರಿಯಾಪಟ್ಟಣದ ಒಂದು ಮನೆಯ ಅಂಗಳಕ್ಕೆ ಬಂದು ನಿಂತರೆ ಅಚ್ಚರಿಯೇನೂ ಇಲ್ಲ. ಅಪಘಾತಕ್ಕೀಡಾಗಿ ಗುಜರಿಗೆ ಸೇರಿದ ಕಾರುಗಳ ಪೆಟ್ಟಿಗೆಗಳಲ್ಲಿಯೂ ಎರಡೂ ಜಾತಿಗಳು ಬೆರೆತಿರುತ್ತವೆ. ಹೊರನೋಟಕ್ಕೆ ಅವಳಿ ಮಕ್ಕಳು. ಒಳಗಿನ ಸ್ವಭಾವ ಮಾತ್ರ ಬೇರೆ.

ಆ ಸ್ವಭಾವವೆಂದರೇನು? ಕ್ಲಚ್ ಪೆಡಲಿರುವ ಅನೇಕ ಕಾರುಗಳಲ್ಲಿ ಪೆಡಲನ್ನು ತುಳಿದಿದ್ದಾರೆಂಬ ಸೂಚನೆ ಬಂದ ಹೊರತು ಸ್ಟಾರ್ಟರ್ ತಿರುಗದು. ಸ್ವಯಂಚಾಲಿತ ಗೇರಿನ ಕಾರಿನಲ್ಲಿ ಗೇರಿನ ಹಿಡಿ ನಿಲುಗಡೆಯ ಸ್ಥಾನದಲ್ಲೋ ನ್ಯೂಟ್ರಲ್ಲಿನಲ್ಲೋ ಇದೆಯೆಂಬ ಸುದ್ದಿ ಬರಬೇಕು. ಗೇರು ಬದಲಾಗುವ ಕ್ಷಣದಲ್ಲಿ ಎಂಜಿನ್ನಿನ ಎಳೆತ ತುಸು ತಗ್ಗಬೇಕು. ಪೆಡಲಿನ ಕಾರಿನಲ್ಲಿ ಚಾಲಕನು ಆಕ್ಸಿಲರೇಟರಿನಿಂದ ಕಾಲನ್ನೆತ್ತಿ ಆ ಕೆಲಸವನ್ನು ಮಾಡುತ್ತಾನೆ. ಇನ್ನೊಂದು ಬಗೆಯಲ್ಲಿ ಗೇರ್‌ಬಾಕ್ಸಿನ ಕಂಪ್ಯೂಟರ್ ಎಂಜಿನ್ನಿನ ಕಂಪ್ಯೂಟರಿಗೆ ‘ಸ್ವಲ್ಪ ತಡೆ’ ಎಂದು ಕೋರಿಕೆ ಕಳುಹಿಸುತ್ತದೆ, ಎಂಜಿನ್ ಮಣಿಯುತ್ತದೆ. ನಿಂತ ಕಾರಿನಲ್ಲಿ ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿರಬೇಕೆಂಬ ಲೆಕ್ಕವೂ ಎರಡಕ್ಕೂ ಒಂದೇ ಅಲ್ಲ.

ಈ ಸಂಭಾಷಣೆ ನಡೆಯುವುದು ಕ್ಯಾನ್ ಎಂಬ ಎರಡು ತಂತಿಗಳ ಜಾಲದಲ್ಲಿ. ಬಾಷ್ ಸಂಸ್ಥೆಯವರು ಇದನ್ನು 1986ರಲ್ಲಿ ಲೋಕದ ಮುಂದಿಟ್ಟರು. ಊರಿನ ಚಾವಡಿಯಲ್ಲಿ ಕುಳಿತ ಪಂಚರಂತೆ ಎಂಜಿನ್, ಗೇರು, ಬ್ರೇಕು, ಬೀಗ ಇವುಗಳ ಕಂಪ್ಯೂಟರುಗಳೆಲ್ಲ ಒಂದೇ ಕಡೆ ಮಾತನಾಡುತ್ತವೆ, ಎಲ್ಲವೂ ಎಲ್ಲರ ಮಾತನ್ನೂ ಕೇಳುತ್ತವೆ. ಎರಡು ಒಟ್ಟಿಗೆ ಬಾಯಿ ತೆರೆದರೆ ಹೆಚ್ಚಿನ ಜರೂರಿನ ಮಾತಿಗೆ ದಾರಿಬಿಟ್ಟು ಇನ್ನೊಂದು ಸುಮ್ಮನಾಗುತ್ತದೆ. ಬಹು ಸಭ್ಯವಾದ ಸಭೆ! ಆದರೆ ಸಭೆಗೆ ಬರಲೇಬೇಕಾದವರೊಬ್ಬರು ಬಾರದಿದ್ದರೆ? ಸಭೆ ಮುಂದುವರಿಯುವುದಿಲ್ಲ.

ಕೃಷ್ಣರಾಜನಗರದಲ್ಲಿ ಒಬ್ಬ ಗೃಹಸ್ಥರಿದ್ದಾರೆನ್ನಿ. ಅವರದು ಕ್ಲಚ್ ಪೆಡಲಿನ ಕಾರು. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ನೀರಿಳಿದು ಕಾರು ನಿಂತಿತು. ಹೊಸ ಪೆಟ್ಟಿಗೆಯ ಬೆಲೆ ಕೇಳಿ ಅವರಿಗೆ ತಲೆ ಸುತ್ತಿತು. ಮೆಕ್ಯಾನಿಕ್ಕು ಗುಜರಿಯಿಂದ ಅದೇ ಕಂಪೆನಿಯ, ಅದೇ ಆಕಾರದ ಒಂದನ್ನು ತಂದು ಸಿಕ್ಕಿಸಿದನು. ಅದು ಸ್ವಯಂಚಾಲಿತ ಗೇರಿನ ಕಾರಿನದು. ಕೀಲಿ ತಿರುಗಿಸಿದರೆ ಸ್ಟಾರ್ಟರ್ ಉಸಿರೆತ್ತದು.

“ಯಜಮಾನ್ರೆ, ಯೋಚ್ನೆ ಬುಡಿ. ಸ್ಟಾರ್ಟರ್ ವೈರನ್ನ ನೇರಾ ಎಳ್ದುಬುಟ್ರೆ ಸ್ಟಾರ್ಟ್ ಆಯ್ತದೆ.”

“ಹಾಗೆ ಮಾಡಬಹುದೇನಪ್ಪ? ಏನೂ ತೊಂದರೆಯಿಲ್ಲವೆ?”

“ತೊಂದ್ರೆ ಏನೈತೆ ಸಾರ್, ಗಾಡಿ ಓಡ್ಬೇಕು ತಾನೆ?”

ಕಾರು ಓಡುವುದೇನೋ ಓಡಬಹುದು. ಆದರೆ ಹೊಸ ಪೆಟ್ಟಿಗೆಯು ತನ್ನ ಜೊತೆಗಾರನಾದ ಗೇರ್‌ಬಾಕ್ಸಿನ ಕಂಪ್ಯೂಟರಿಗಾಗಿ ಕಾಯುತ್ತದೆ. ಆ ಜೊತೆಗಾರನು ಈ ಕಾರಿನಲ್ಲಿ ಹುಟ್ಟಿಯೇ ಇಲ್ಲ. ಉತ್ತರ ಬಾರದಾಗ ‘ಯು 0101’ ಎಂಬ ದೋಷಸಂಖ್ಯೆಯನ್ನು ಬರೆದುಕೊಳ್ಳುತ್ತದೆ. ಗೇರಿನ ಕಂಪ್ಯೂಟರಿನೊಡನೆ ಸಂಪರ್ಕ ತಪ್ಪಿದೆಯೆಂದು ಅದರ ಅರ್ಥ. ಎದುರಿನ ಫಲಕದಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತುತ್ತದೆ. ಕೆಲವು ಕಾರುಗಳಲ್ಲಿ ಎಂಜಿನ್ ತನ್ನ ಬಲವನ್ನು ತಾನೇ ಕುಗ್ಗಿಸಿಕೊಂಡು ಕುಂಟತೊಡಗುತ್ತದೆ. ಹೆಗ್ಗಡದೇವನಕೋಟೆಯ ಕಡೆಯಿಂದ ಹೆರಿಗೆಯ ಹೆಣ್ಣುಮಗಳನ್ನು ನಡುರಾತ್ರಿಯಲ್ಲಿ ಮೈಸೂರಿಗೆ ಕರೆದೊಯ್ಯಬೇಕಾದಾಗ ಕಾರು ಕುಂಟಿದರೆ, ಉಳಿಸಿದ ಹಣಕ್ಕೆ ಏನು ಬೆಲೆ?

ಅದಕ್ಕಿಂತ ದೊಡ್ಡ ಅಪಾಯ ಆ ನೇರ ಎಳೆದ ತಂತಿಯದು. ಕ್ಲಚ್ ತುಳಿಯದೆ ಸ್ಟಾರ್ಟರ್ ತಿರುಗಬಾರದೆಂದು ತಯಾರಕರು ಇಟ್ಟಿದ್ದ ಕಾವಲನ್ನು ಅದು ತೆಗೆದುಹಾಕಿತು. ಕಾರನ್ನು ಮೊದಲನೆಯ ಗೇರಿನಲ್ಲಿ ನಿಲ್ಲಿಸುವ ಅಭ್ಯಾಸ ಅನೇಕರಿಗುಂಟು. ಮನೆಯ ಹುಡುಗನೊಬ್ಬನು ಹೊರಗಿನಿಂದಲೇ ಕೈಹಾಕಿ, ರೇಡಿಯೋ ಕೇಳಲೆಂದು ಕೀಲಿ ತಿರುಗಿಸಿದರೆ ಸಾಕು, ಕಾರು ಮುಂದಕ್ಕೆ ಜಿಗಿಯುತ್ತದೆ. ಮುಂದೆ ಗೋಡೆಯಿದ್ದರೆ ಗೋಡೆ, ರಂಗೋಲಿ ಹಾಕುತ್ತಿರುವವರಿದ್ದರೆ ಅವರು.

ಇದರ ತಿರುವುಮುರುವಿನ ಪ್ರಸಂಗವೂ ಉಂಟು. ಸ್ವಯಂಚಾಲಿತ ಗೇರಿನ ಕಾರಿಗೆ ಪೆಡಲಿನ ಕಾರಿನ ಪೆಟ್ಟಿಗೆ ಬಂದರೆ, ಗೇರ್‌ಬಾಕ್ಸಿನ ಕೋರಿಕೆಗೆ ಎಂಜಿನ್ ಕಿವುಡಾಗುತ್ತದೆ. ‘ತಡೆ’ ಎಂದಾಗ ತಡೆಯದೆ ಎಳೆಯುತ್ತದೆ. ಪ್ರತಿ ಬದಲಾವಣೆಗೂ ಜಗ್ಗು, ಕ್ಲಚ್ಚಿಗೆ ಸವೆತ. ಕೊನೆಗೆ ಗೇರ್‌ಬಾಕ್ಸು ಮುನಿದು ಮುಂದಿನ ಗೇರಿಗೇ ಹೋಗದೆ ನಿಲ್ಲಬಹುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯನ್ನು ಕಟ್ಟಿದ ರೈತನು ಇಂಥ ಕಾರನ್ನು ಕಂಡಿದ್ದರೆ ನಕ್ಕುಬಿಡುತ್ತಿದ್ದನು.

ಹಾಗಾದರೆ ಪರಿಹಾರವೇನು? ಮೊದಲನೆಯದಾಗಿ, ಪೆಟ್ಟಿಗೆ ನಿಜವಾಗಿ ಕೆಟ್ಟಿದೆಯೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಫ್ಯೂಸು, ರಿಲೇ, ಅರ್ತ್ ತಂತಿ, ಪಾಚಿಗಟ್ಟಿದ ಕನೆಕ್ಟರು, ಇವುಗಳ ತಪ್ಪು ಅನೇಕ ವೇಳೆ ಪೆಟ್ಟಿಗೆಯ ತಲೆಯ ಮೇಲೆ ಬೀಳುತ್ತದೆ. ಭತ್ತದ ಕಣಜದ ಬಳಿಯೋ ತಂಬಾಕಿನ ಬ್ಯಾರನ್ನಿನ ಬದಿಯಲ್ಲೋ ನಿಲ್ಲುವ ಕಾರಿಗೆ ಇಲಿಯ ಕಾಟವೂ ಸೇರುತ್ತದೆ. ಕಡಿದ ಒಂದು ತಂತಿಗಾಗಿ ಪೆಟ್ಟಿಗೆಯನ್ನೇ ಬದಲಿಸಿದವರಿಗೆ ಎರಡು ಪಟ್ಟು ನಷ್ಟ.

ಪೆಟ್ಟಿಗೆ ಕೆಟ್ಟಿರುವುದೇ ದಿಟವಾದರೆ ಮೂರು ದಾರಿಗಳಿವೆ. ಕೆಲವು ಕಂಪೆನಿಗಳ ಪೆಟ್ಟಿಗೆಯಲ್ಲಿ ಎರಡೂ ಬಗೆಯ ಗೇರುಗಳಿಗೆ ಬೇಕಾದ ಜ್ಞಾನ ಮೊದಲೇ ಅಡಗಿರುತ್ತದೆ. ಅರ್ಜಿಯ ನಮೂನೆಯಲ್ಲಿ ಬೇಕಾದ ಕಡೆ ಗುರುತು ಹಾಕುವಂತೆ, ಸ್ಕ್ಯಾನರಿನ ಮೂಲಕ ‘ಈ ಕಾರಿನ ಗೇರು ಇಂಥದು’ ಎಂದು ತಿಳಿಸಿದರೆ ಸಾಕು. ಇದಕ್ಕೆ ಕೋಡಿಂಗ್ ಎಂದು ಹೆಸರು. ಮತ್ತೆ ಕೆಲವು ಕಂಪೆನಿಗಳಲ್ಲಿ ಎರಡು ಬಗೆಗೆ ಎರಡು ಪ್ರತ್ಯೇಕ ಪ್ರೋಗ್ರಾಮುಗಳು. ಅಲ್ಲಿ ಗುರುತು ಹಾಕುವ ಜಾಗವೇ ಇರುವುದಿಲ್ಲ. ಇಡೀ ಪಾಠವನ್ನು ಅಳಿಸಿ ಹೊಸದಾಗಿ ಬರೆಯಬೇಕು. ಇದು ಫ್ಲ್ಯಾಷಿಂಗ್. ಮೂರನೆಯದು ಕ್ಲೋನಿಂಗ್: ಹಳೆಯ ಪೆಟ್ಟಿಗೆಯ ಜ್ಞಾಪಕ ಇನ್ನೂ ಓದಲು ಬರುವಂತಿದ್ದರೆ ಅದನ್ನೇ ಅಕ್ಷರಶಃ ಬದಲಿ ಪೆಟ್ಟಿಗೆಗೆ ಇಳಿಸುವುದು. ಆಗ ಗೇರಿನ ಬಗೆ, ಕೀಲಿಯ ಗುಟ್ಟು ಎಲ್ಲವೂ ಜೊತೆಯಲ್ಲಿಯೇ ಬರುತ್ತವೆ. ಆದರೆ ಎರಡು ಪೆಟ್ಟಿಗೆಗಳ ಹಾರ್ಡ್‌ವೇರ್ ಒಂದೇ ಆಗಿರಬೇಕು. ಮೇಲಿನ ಚೀಟಿಯಲ್ಲಿನ ಸಂಖ್ಯೆಯನ್ನು ಕೊನೆಯ ಅಕ್ಷರದವರೆಗೆ ಹೋಲಿಸಿ ನೋಡುವುದು ಇದಕ್ಕಾಗಿಯೇ.

ಕೀಲಿಯ ಗುಟ್ಟೆಂದರೆ ಇಮ್ಮೊಬಿಲೈಜರ್. ಕೀಲಿಯೊಳಗಿನ ಚಿಪ್ಪು, ಕಾರಿನ ಬೀಗದ ವ್ಯವಸ್ಥೆ, ಎಂಜಿನ್ನಿನ ಪೆಟ್ಟಿಗೆ, ಈ ಮೂರೂ ಪರಸ್ಪರ ಗುರುತಿಸಿದ ಹೊರತು ಎಂಜಿನ್ ಹತ್ತದು. ಕಳ್ಳರ ಕಾಟಕ್ಕೆ ಇಟ್ಟ ಈ ಕಾವಲು ಪರಕೀಯ ಪೆಟ್ಟಿಗೆಯನ್ನು ಕಳ್ಳನೆಂದೇ ಭಾವಿಸುತ್ತದೆ. ಆದಕಾರಣ ಗೇರಿನ ಬಗೆಯನ್ನು ತಿದ್ದಿದ ಮಾತ್ರಕ್ಕೆ ಕೆಲಸ ಮುಗಿಯದು. ಬೀಗದ ಪರಿಚಯವನ್ನೂ ಮಾಡಿಸಬೇಕು.

ತಿಳಿದ ಕೆಲಸಗಾರರು ಅನುಸರಿಸುವ ಕ್ರಮ ಹೀಗಿದೆ. ಹಳೆಯ ಪೆಟ್ಟಿಗೆಯನ್ನು ಕಳಚುವ ಮೊದಲೇ, ಅದು ಮಾತನಾಡುವ ಸ್ಥಿತಿಯಲ್ಲಿದ್ದರೆ, ಸ್ಟಿಯರಿಂಗಿನ ಕೆಳಗಿರುವ ಹದಿನಾರು ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರನ್ನು ಜೋಡಿಸಿ ಅದರಲ್ಲಿರುವ ಕೋಡಿಂಗನ್ನು ಬರೆದಿಟ್ಟುಕೊಳ್ಳುತ್ತಾರೆ. ಬರೆಯುವ ಕೆಲಸ ನಡೆಯುವಾಗ ಬ್ಯಾಟರಿಯ ವಿದ್ಯುತ್ತು ಕುಸಿಯದಂತೆ ಅದಕ್ಕೆ ತಕ್ಕ ಚಾರ್ಜರಿನ ಆಸರೆ ಕೊಡುತ್ತಾರೆ. ಅರ್ಧದಲ್ಲಿ ವಿದ್ಯುತ್ತು ತಪ್ಪಿದರೆ ಪೆಟ್ಟಿಗೆ ಮತ್ತೆ ಏಳದೆಯೇ ಹೋಗಬಹುದು. ಆಮೇಲೆ ಕಾರಿನ ಹದಿನೇಳು ಅಕ್ಷರಗಳ ಗುರುತಿನ ಸಂಖ್ಯೆ, ಗೇರಿನ ಬಗೆ, ಬೀಗದ ಹೊಂದಾಣಿಕೆ. ಅದರ ಹಿಂದೆ ಥ್ರಾಟಲ್ಲಿಗೆ ತನ್ನ ತೆರೆದ, ಮುಚ್ಚಿದ ಎಲ್ಲೆಗಳ ಪಾಠ. ಎಎಂಟಿ ಕಾರಾದರೆ ಕ್ಲಚ್ಚು ಯಾವ ಬಿಂದುವಿನಲ್ಲಿ ಹಿಡಿಯುತ್ತದೆಂಬ ಪಾಠವನ್ನೂ ಹಲವು ವೇಳೆ ಹೊಸದಾಗಿ ಕಲಿಸಬೇಕಾಗುತ್ತದೆ. ದೋಷಸಂಖ್ಯೆಗಳನ್ನು ಅಳಿಸಿ, ರಸ್ತೆಯ ಮೇಲೆ ಓಡಿಸಿ, ಅವು ಮರಳಿ ಬಂದಿವೆಯೆ ಎಂದು ನೋಡಿದ ಮೇಲೆಯೇ ಕೀಲಿಯನ್ನು ಯಜಮಾನರ ಕೈಗೆ ಕೊಡುತ್ತಾರೆ. ಮೊದಲೇ ಅಳಿಸಿ, ಓಡಿಸದೆ ಕೊಟ್ಟರೆ ದೀಪವು ಮನೆಗೆ ಹೋಗುವ ದಾರಿಯಲ್ಲಿಯೇ ಮತ್ತೆ ಹತ್ತೀತು.

ಕೆಲಸದ ಗುಟ್ಟು ಗೃಹಸ್ಥರಿಗೆ ಪೂರ್ತಿ ತಿಳಿಯಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆಗಳು ತಿಳಿದಿದ್ದರೆ ಸಾಕು. ‘ಬದಲಿ ಪೆಟ್ಟಿಗೆ ಯಾವ ಗೇರಿನ ಕಾರಿನದು? ಅದರ ಸಂಖ್ಯೆ ನಮ್ಮದಕ್ಕೆ ಸರಿಹೋಗುತ್ತದೆಯೆ? ಕೋಡಿಂಗ್ ಮಾಡುವವರು ಯಾರು, ಎಲ್ಲಿ? ಯಾವ ತಂತಿಯನ್ನಾದರೂ ನೇರ ಜೋಡಿಸಿದ್ದೀರಾ?’ ಈ ನಾಲ್ಕಕ್ಕೆ ನೇರವಾದ ಉತ್ತರ ಬಾರದಿದ್ದರೆ, ಕಾರನ್ನು ಎಳೆಸಿಕೊಂಡಾದರೂ ಮೈಸೂರಿನವರೆಗೆ ಒಯ್ದು ತಿಳಿದವರಿಂದ ಮಾಡಿಸುವುದೇ ಕೊನೆಗೆ ಅಗ್ಗ. ಉತ್ತರ ಬಂದರೆ, ಊರಿನ ಮೆಕ್ಯಾನಿಕ್ಕನ್ನು ನಂಬಲು ಹಿಂಜರಿಯಬೇಕಾಗಿಲ್ಲ. ಒಳ್ಳೆಯ ಸ್ಕ್ಯಾನರೂ ಕಲಿಯುವ ಮನಸ್ಸೂ ಇರುವ ತರುಣರು ಸಣ್ಣ ಊರುಗಳಲ್ಲಿಯೂ ಇದ್ದಾರೆ. ಮಾಡಿದ ಕೆಲಸವನ್ನೂ ಪೆಟ್ಟಿಗೆಯ ಸಂಖ್ಯೆಯನ್ನೂ ರಸೀತಿಯಲ್ಲಿ ಬರೆಯಿಸಿಕೊಳ್ಳಬೇಕು. ಕಾರನ್ನು ಮುಂದೆ ಮಾರುವಾಗ ಕೊಳ್ಳುವವರಿಗೆ ಅದೇ ಆಧಾರ.

ಇನ್ನೊಂದು ಮಾತು. ಕೆಟ್ಟ ಪೆಟ್ಟಿಗೆಗೆ ಸಮನಾದ ಪೆಟ್ಟಿಗೆಯನ್ನು ಹಾಕಿ ಮೊದಲಿದ್ದಂತೆಯೇ ತಿದ್ದುವುದು ದುರಸ್ತಿ. ಪೆಡಲಿನ ಕಾರನ್ನು ಸ್ವಯಂಚಾಲಿತ ಮಾಡಹೊರಡುವುದು ದುರಸ್ತಿಯಲ್ಲ, ಮಾರ್ಪಾಡು. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ವಿಧಿಯಲ್ಲಿ ಕಟ್ಟುಪಾಡುಗಳಿವೆ. ಅಂಥ ಸಾಹಸಕ್ಕೆ ಮೊದಲು ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸುವುದು ಲೇಸು.

ಯಂತ್ರಗಳು ಬುದ್ಧಿವಂತವಾದಷ್ಟೂ ಮನುಷ್ಯನ ಕೆಲಸ ಕಡಿಮೆಯಾಗುತ್ತದೆಂಬ ನಂಬಿಕೆ ಎಲ್ಲರದು. ಅರ್ಧ ಮಾತ್ರ ನಿಜ. ಬಡಗಿಯ ಕಣ್ಣಿಗೆ ಚಕ್ರದ ತೂತು ಕಾಣುತ್ತಿತ್ತು. ಈ ಪೆಟ್ಟಿಗೆಯೊಳಗಿನ ಅಕ್ಷರ ಯಾರ ಕಣ್ಣಿಗೂ ಕಾಣದು. ಕಾಣದ ವಸ್ತುವನ್ನು ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳುವುದು ಜಿಪುಣತನವಲ್ಲ, ಅಂಗಳದಲ್ಲಿ ಆಡುವ ಮಕ್ಕಳ ಮೇಲಿನ ಕರುಣೆ.