ರಸ್ತೆಯಿಲ್ಲದ ನೆಲವೆಲ್ಲ ಖಾಲಿ ನೆಲವೇ?

ನಗರದ ಆಫ್‌ರೋಡ್ ಕ್ಲಬ್ಬೊಂದು ತನ್ನ ವಾರ್ಷಿಕ ಬೇಸಿಗೆ ಯಾತ್ರೆಗೆ ಸಜ್ಜಾಗುತ್ತಿದೆ. ಮರಳುದಿಬ್ಬಗಳ ಮೇಲೆ ಜೀಪು ಹಾರಿಸುವುದೇ ಇಂತಹ ಯಾತ್ರೆಗಳ ಪರಮ ಸುಖ. ರಾಜಸ್ಥಾನ ದೂರವಾಯಿತೆಂದೋ, ಮೇ ತಿಂಗಳಿನ ಅಲ್ಲಿನ ಬಿಸಿಲು ತಾಳಲಾಗದೆಂದೋ ಈ ಬಾರಿ ಅವರ ಕಣ್ಣು ನಮ್ಮ ಸೀಮೆಯ ಮೇಲೆ ಬಿದ್ದಿದೆ. ಹೊಸಪೇಟೆಯಲ್ಲಿ ತಂಗುವುದು, ಸಂಡೂರಿನ ಗುಡ್ಡಗಳನ್ನು ಏರಿಳಿಯುವುದು, ಹಂಪಿಯ ಸುತ್ತಲಿನ ಬಂಡೆಗಳ ನಡುವೆ ನುಸುಳುವುದು, ಕೊನೆಗೆ ಕಂಪ್ಲಿಯ ಬಳಿ ಬತ್ತಿದ ತುಂಗಭದ್ರೆಯ ಮರಳಿನಲ್ಲಿ ಚಕ್ರ ಕುಣಿಸಿ ಊರಿಗೆ ಮರಳುವುದು: ಇದು ಯೋಜನೆ. ಕ್ಲಬ್ಬಿನ ಹೆಸರನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಒಂದು ಹೋದರೆ ಮತ್ತೊಂದು ಬರುತ್ತದೆ.

ಅವರ ಸಿದ್ಧತೆಯನ್ನು ನೋಡಿದರೆ ಯಾರಿಗಾದರೂ ಗೌರವ ಮೂಡಬೇಕು. ವಾಹನದ ಹೊಟ್ಟೆಗೆ ಉಕ್ಕಿನ ತಗಡು ಬಡಿಸಿದ್ದಾಯಿತು. ಸಿಕ್ಕಿಬಿದ್ದರೆ ಎಳೆಯಲು ವಿಂಚ್, ಹಗ್ಗ, ಕೊಂಡಿ, ಚಕ್ರದಡಿ ಹಾಸಲು ಹಲಗೆ, ಎಲ್ಲವೂ ಬಂದಾಯಿತು. ಮರಳಿನಲ್ಲಿ ಹೂಳದಿರಲೆಂದು ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಬೇಕು, ಮರಳಿ ಡಾಂಬರಿಗೆ ಬಂದಾಗ ತುಂಬಿಸಬೇಕು, ಅದಕ್ಕೊಂದು ಪಂಪು. ಇಷ್ಟೆಲ್ಲ ಮುತುವರ್ಜಿಯ ನಡುವೆ, ತಾವು ಓಡಿಸಲಿರುವ ನೆಲ ಆ ದಿನಗಳಲ್ಲಿ ಯಾವ ಸ್ಥಿತಿಯಲ್ಲಿರುತ್ತದೆ ಎಂಬ ಪ್ರಶ್ನೆಯೊಂದು ಮಾತ್ರ ಯಾರ ಪಟ್ಟಿಯಲ್ಲಿಯೂ ಇಲ್ಲ.

ನಮ್ಮ ರೈತರಲ್ಲಿ ‘ಹದ’ ಎಂಬ ಮಾತಿದೆ. ಎರೆಭೂಮಿ ಹಸಿಯಾಗಿರುವಾಗ ಎತ್ತನ್ನು ಇಳಿಸಬಾರದು, ಅತಿ ಒಣಗಿದಾಗ ಕುಂಟೆ ಹೊಡೆಯಬಾರದು ಎಂಬುದನ್ನು ಯಾವ ವಿಶ್ವವಿದ್ಯಾಲಯವೂ ಅವರಿಗೆ ಕಲಿಸಲಿಲ್ಲ. ನೆಲಕ್ಕೂ ಒಂದು ಹೊತ್ತಿದೆ, ಆ ಹೊತ್ತು ತಪ್ಪಿದರೆ ವರ್ಷದ ದುಡಿಮೆ ಕೆಡುತ್ತದೆ ಎಂಬುದು ಅವರಿಗೆ ಗೊತ್ತು. ಮಣ್ಣುವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ನಾನು ಹೇಳಬಹುದಾದದ್ದು ಇದಕ್ಕಿಂತ ಬೇರೆಯೇನಲ್ಲ. ಬೇಸಿಗೆಯ ಗುಡ್ಡ ಸತ್ತಂತೆ ಕಾಣುತ್ತದೆ. ಆದರೆ ಬಹುವಾರ್ಷಿಕ ಹುಲ್ಲಿನ ಜೀವ ಆಗ ಬುಡದಲ್ಲಿ ಅಡಗಿರುತ್ತದೆ. ಮೇಲ್ಮಣ್ಣನ್ನು ಹಿಡಿದಿರುವುದು ಆ ಬುಡ, ಹರಳು ಹಾಗೂ ತೆಳ್ಳನೆಯ ಒಣ ಪೊರೆ. ಚಕ್ರ ಮೊದಲು ಒಡೆಯುವುದು ಇವನ್ನೇ. ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳು ಬೀಳುವ ಮುನ್ನ, ಅಂದರೆ ಏಪ್ರಿಲ್-ಮೇ ತಿಂಗಳಿನಲ್ಲಿ, ಈ ಕವಚವನ್ನು ಕಿತ್ತರೆ ಮೊದಲ ರಭಸದ ಮಳೆಗೆ ಅಡ್ಡಿಯೇ ಇರುವುದಿಲ್ಲ. ವರ್ಷದಲ್ಲಿ ಇದಕ್ಕಿಂತ ಕೆಟ್ಟ ಮುಹೂರ್ತವನ್ನು ಹುಡುಕಿದರೂ ಸಿಗದು.

ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಬಹುದು. ಒಂದು ಗಾಲಿಯ ಜಾಡು 20 ಸೆಂ.ಮೀ. ಅಗಲ, 10 ಸೆಂ.ಮೀ. ಆಳ ಇದ್ದರೆ, ಎರಡು ಜಾಡುಗಳು ಒಂದು ಕಿಲೋಮೀಟರಿನಲ್ಲಿ 40 ಘನಮೀಟರ್ ಮಣ್ಣನ್ನು ಒತ್ತಿಯೋ ಕಿತ್ತೋ ಸ್ಥಾನಪಲ್ಲಟಗೊಳಿಸುತ್ತವೆ. ಇಳಿಜಾರಿಗೆ ನೇರವಾಗಿ ಬಿದ್ದ ಜಾಡು ಮಳೆಗಾಲದಲ್ಲಿ ಕಾಲುವೆಯಾಗುತ್ತದೆ, ಮರುವರ್ಷ ಕೊರಕಲಾಗುತ್ತದೆ. ಜಾಡಿನ ತಳದಲ್ಲಿ ಮಣ್ಣು ಗಟ್ಟಿಯಾಗಿ ನೀರು ಇಂಗುವುದು ಕುಗ್ಗುತ್ತದೆ. ಸಂಡೂರಿನ ಗುಡ್ಡಗಳಲ್ಲಿ ಮೇಲ್ಮಣ್ಣು ಹೆಚ್ಚೆಡೆ ತೆಳು, ಅದರ ಕೆಳಗೆ ಅದಿರಿನ ಕಲ್ಲು. ಒಂದು ಅಂಗುಲ ಮಣ್ಣು ಅಲ್ಲಿ ಹುಟ್ಟಬೇಕಾದರೆ ನೂರಾರು ವರ್ಷಗಳೇ ಬೇಕು. ಕೊಚ್ಚಿಹೋದ ಮಣ್ಣಿನ ದಾರಿಯೂ ಗುಟ್ಟೇನಲ್ಲ: ನಾರಿಹಳ್ಳ, ಅಲ್ಲಿಂದ ದರೋಜಿ ಕೆರೆ. ಹೂಳು ಏನು ಮಾಡುತ್ತದೆಂಬುದಕ್ಕೆ ಹೊಸಪೇಟೆಯವರಿಗೆ ಬೇರೆ ಸಾಕ್ಷ್ಯ ಬೇಕಿಲ್ಲ. ಸುಮಾರು 133 ಟಿಎಂಸಿ ಅಡಿ ಸಾಮರ್ಥ್ಯದೊಂದಿಗೆ ಆರಂಭವಾದ ತುಂಗಭದ್ರಾ ಜಲಾಶಯ ಇಂದು 105ರ ಆಸುಪಾಸಿಗೆ ಇಳಿದಿದೆ. ಅದು ಜೀಪಿನಿಂದಾದದ್ದೆಂದು ನಾನು ಹೇಳುತ್ತಿಲ್ಲ. ಕಿತ್ತ ಮಣ್ಣು ಎಲ್ಲಿಗೆ ಹೋಗುತ್ತದೆಂಬುದನ್ನಷ್ಟೇ ಹೇಳುತ್ತಿದ್ದೇನೆ.

“ನಿಮ್ಮ ದನಗಳೂ ತುಳಿಯುತ್ತವಲ್ಲ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೌದು, ತುಳಿಯುತ್ತವೆ. ಗೊರಸಿನಡಿಯ ಒತ್ತಡ ಟೈರಿನ ಒತ್ತಡಕ್ಕಿಂತ ಕಡಿಮೆಯೇನೂ ಅಲ್ಲ. ಆದರೆ ದನದ ಕಾಲು ನಿಂತಲ್ಲಿಯೇ ಗಿರಗಿರನೆ ತಿರುಗಿ ಹುಲ್ಲಿನ ಬುಡವನ್ನು ಸಿಗಿಯುವುದಿಲ್ಲ. ಇಳಿಜಾರಿನ ತುದಿಯಿಂದ ಬುಡದವರೆಗೆ ಸಮಾನಾಂತರವಾದ ಎರಡು ಕಾಲುವೆಗಳನ್ನು ತೋಡುವುದಿಲ್ಲ. ಅತಿಮೇಯುವಿಕೆ ನಮ್ಮ ಸಮಸ್ಯೆಯೆಂಬುದನ್ನು ಈ ಪತ್ರಿಕೆ ಮರೆಮಾಚಿಲ್ಲ. ಆದರೆ ಮೇಯಿಸುವವನನ್ನು ಗದರಿಸುವ ಬಾಯಿ ಎರಡು ಟನ್ನಿನ ಮೋಜಿನ ಮುಂದೆ ಮುಚ್ಚಿಕೊಂಡರೆ ಅದನ್ನು ಸಂರಕ್ಷಣೆ ಎನ್ನಲಾಗದು. ಒಣಗಿದ ಕರಡದ ಮೇಲೆ ಕೆಂಪಗೆ ಕಾದ ಸೈಲೆನ್ಸರ್ ನಿಲ್ಲಿಸಿದರೆ ಏನಾಗಬಹುದೆಂದು ಬೇರೆ ಹೇಳಬೇಕೇ? ಟೈರಿನ ಮಣ್ಣಿಗೆ ಅಂಟಿ ಬರುವ ಕಾಂಗ್ರೆಸ್ ಹುಲ್ಲಿನ ಬೀಜಕ್ಕೂ ಯಾರೂ ಬಾಡಿಗೆ ಕೇಳುವುದಿಲ್ಲ.

ಇನ್ನು ಹೊಳೆಯ ಮಾತು. ಕರ್ನಾಟಕದಲ್ಲಿ ಮರಳುದಿಬ್ಬವೆಂದರೆ ನೆನಪಾಗುವುದು ಕಾವೇರಿ ತೀರದ ತಲಕಾಡು. ಕಂಪ್ಲಿಯಲ್ಲಿರುವುದು ದಿಬ್ಬವಲ್ಲ, ನದಿಯ ಪಾತ್ರ. ನೀರಿಳಿದಾಗ ತೆರೆದುಕೊಳ್ಳುವ ಆ ಮರಳು ಹೊರಗಿನವರಿಗೆ ಬರಿದಾಗಿ ಕಾಣುತ್ತದೆ. ಆದರೆ ಹೊಳೆಯ ರೀವಗಳು ಗೂಡು ಕಟ್ಟುವುದು ಇದೇ ಬೇಸಿಗೆಯಲ್ಲಿ, ಇಂತಹ ಮರಳಿನಲ್ಲಿಯೇ. ಗೂಡೆಂದರೆ ಕಡ್ಡಿಯೂ ಇಲ್ಲ, ಎಲೆಯೂ ಇಲ್ಲ. ಎದೆಯಿಂದ ಒತ್ತಿದ ಒಂದು ತಗ್ಗು, ಅದರಲ್ಲಿ ಮರಳಿನದೇ ಬಣ್ಣದ ಎರಡು-ಮೂರು ಮೊಟ್ಟೆ. ನಡೆಯುವವನಿಗೇ ಕಾಣದ ಅದು ಚಾಲಕನಿಗೆ ಕಾಣುವುದೆಂತು? ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ನದಿಯನ್ನು ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದೆ. ದಡದ ಮರಳು ಮತ್ತು ಪೊಟರೆಗಳಿಲ್ಲದೆ ನೀರುನಾಯಿಗೆ ನೆಲೆಯಿಲ್ಲ.

ಇಲ್ಲಿ ಕಾನೂನಿನ ಒಂದು ಬಿರುಕನ್ನು ಓದುಗರು ಗಮನಿಸಬೇಕು. 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮಕ್ಕೆ ಅನುಮತಿಯಿಲ್ಲದೆ ಹೊರಗಿನವರು ಕಾಲಿಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 27ನೆಯ ಕಲಮಿನ ಮೊದಲ ಉಪಕಲಮು ಅದನ್ನು ತಡೆಯುತ್ತದೆ. ಆದರೆ ಸಂರಕ್ಷಣಾ ಮೀಸಲು ಪ್ರದೇಶಕ್ಕೆ ಅನ್ವಯಿಸುವ ಕಲಮುಗಳ ಪಟ್ಟಿಯಲ್ಲಿ ಆ ಉಪಕಲಮು ಇಲ್ಲ. ಪ್ರಾಣಿಗಳನ್ನು ಪೀಡಿಸಬಾರದು, ಕಸ ಎಸೆಯಬಾರದು, ಬೆಂಕಿ ಹಚ್ಚಬಾರದು ಎಂಬುದಿದೆ; ವಾಹನದೊಂದಿಗೆ ಬರಬಾರದೆಂಬುದಿಲ್ಲ. ಹಾಗೆಂದು ಕೈಚೆಲ್ಲಬೇಕಿಲ್ಲ. ಅದೇ ಕಾಯಿದೆ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ಕಾಡುಹಕ್ಕಿಗಳ ಮೊಟ್ಟೆ ಒಡೆಯುವುದೂ ಗೂಡನ್ನು ಕದಡುವುದೂ ಸೇರಿದೆ. ಅರಣ್ಯ ಇಲಾಖೆಯ ಅಧಿಕಾರಿಗಳಿಗೆ ಇದನ್ನು ಬರವಣಿಗೆಯಲ್ಲಿ ನೆನಪಿಸುವುದು ನಮ್ಮ ಕೆಲಸ.

ಬಂಡೆಸೀಮೆಯಲ್ಲಿ ಇನ್ನೊಂದು ಅಪಾಯವಿದೆ. ಬಳ್ಳಾರಿ-ಹೊಸಪೇಟೆ ರಸ್ತೆಯ ಕುಡತಿನಿಯಲ್ಲಿ ನವಶಿಲಾಯುಗದ ಬೂದಿದಿಬ್ಬವಿದೆ. ಸಾವಿರಾರು ವರ್ಷಗಳ ಹಿಂದಿನ ಪಶುಪಾಲಕರ ಸಗಣಿ ಸುಟ್ಟ ಬೂದಿ ಅದು. ಚರಿತ್ರೆ ಗೊತ್ತಿಲ್ಲದವರಿಗೆ ಅದೊಂದು ಮಣ್ಣಿನ ಗುಡ್ಡೆ, ಜೀಪು ಹಾರಿಸಲು ಹೇಳಿ ಮಾಡಿಸಿದ ದಿಬ್ಬ. ಹಂಪಿಯ ಸುತ್ತ ಫಲಕವಿಲ್ಲದ ಅವಶೇಷಗಳು ಎಷ್ಟಿವೆಯೋ! 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತೆಂಬುದನ್ನು ನಾವು ಬೇಗ ಮರೆತೆವು.

ಸಂಡೂರಿನವರಲ್ಲಿಯೇ ಕೆಲವರು ಹೇಳುತ್ತಾರೆ: “ಗಣಿ ಲಾರಿಗಳು ಮಾಡಿದ್ದರ ಮುಂದೆ ಇದು ಯಾವ ಲೆಕ್ಕ?” ಈ ವಾದ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್‌ನಲ್ಲಿ ತೀವ್ರ ಅಕ್ರಮದ ‘ಸಿ’ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಉಳಿದ ಗಣಿಗಳು ಪುನಶ್ಚೇತನ ಯೋಜನೆಗೆ ಒಳಪಟ್ಟವು. ತ್ಯಾಜ್ಯದ ರಾಶಿಗಳಿಗೆ ತಡೆಗೋಡೆ, ನಾರಿನ ಚಾಪೆ, ಹುಲ್ಲು, ಸಸಿ, ಇವೆಲ್ಲ ಆ ಯೋಜನೆಗಳ ಭಾಗ. ಆಫ್‌ರೋಡಿನವರ ಕಣ್ಣಿಗೆ ಈ ಕೆಂಪು ರಾಶಿಗಳೇ ಮರಳುದಿಬ್ಬಗಳಿಗೆ ಅತಿ ಹತ್ತಿರದವು. ಗಾಯದ ಮೇಲೆ ಕಟ್ಟುತ್ತಿರುವ ಹೆಪ್ಪನ್ನು ಕೆರೆಯುವುದಕ್ಕೆ, ಮೊದಲಿನ ಗಾಯ ದೊಡ್ಡದಿತ್ತೆಂಬ ಸಮಜಾಯಿಷಿ ಸಾಕೇ?

ಹಾದಿಬಿಟ್ಟ ವಾಹನಗಳ ಈ ವ್ಯಾಜ್ಯ ನಮ್ಮಲ್ಲಿ ಮಾತ್ರವಿಲ್ಲ. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಎರಡನೆಯ ಮಹಾಯುದ್ಧದ ತರಬೇತಿಗಾಗಿ 1942ರಿಂದ 1944ರವರೆಗೆ ಓಡಿಸಿದ ಟ್ಯಾಂಕುಗಳ ಜಾಡು ಎಂಬತ್ತು ವರ್ಷಗಳ ನಂತರವೂ ಅಳಿಸಿಲ್ಲ. ಪರಿಸರವಾದಿಯೆಂದು ಯಾರೂ ಆರೋಪಿಸದ ಅಧ್ಯಕ್ಷ ನಿಕ್ಸನ್ನರೇ 1972ರಲ್ಲಿ ಸಾರ್ವಜನಿಕ ಭೂಮಿಯಲ್ಲಿ ಇಂತಹ ವಾಹನಗಳಿಗೆ ಎಲ್ಲಿ ಅವಕಾಶ, ಎಲ್ಲಿ ನಿಷೇಧ ಎಂಬುದನ್ನು ಗುರುತಿಸುವಂತೆ ಆದೇಶ ಹೊರಡಿಸಬೇಕಾಯಿತು. ನೆರೆಯ ಕೇರಳದಲ್ಲಿ, ಇಡುಕ್ಕಿಯ ವಾಗಮಣ್‌ನ ಚಹಾತೋಟವೊಂದರಲ್ಲಿ 2022ರ ಮೇ ತಿಂಗಳಿನಲ್ಲಿ ನಡೆದ ಆಫ್‌ರೋಡ್ ಓಟದ ಬಗ್ಗೆ ವಿದ್ಯಾರ್ಥಿ ಸಂಘಟನೆಯೊಂದು ದೂರು ಕೊಟ್ಟಿತು, ಪ್ರಕರಣ ದಾಖಲಾಯಿತು. ದೂರು ಕೊಟ್ಟವರು ವಿದ್ಯಾರ್ಥಿಗಳೆಂಬುದನ್ನು ನಮ್ಮ ಕಾಲೇಜುಗಳ ಮಿತ್ರರು ಗಮನಿಸಬೇಕು.

ಹಣ ಬರುತ್ತದೆ ಎಂಬ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಾರಿ ತೋರಿಸಿದ ಹುಡುಗನಿಗೆ ಒಂದು ದಿನದ ಕೂಲಿಗಿಂತ ಹೆಚ್ಚು ಸಿಗಬಹುದು. ಆದರೆ ಹಂಪಿಯಲ್ಲಿ ನಡೆದು ತೋರಿಸುವವನಿಗೆ, ಹರಗೋಲು ಹಾಕುವವನಿಗೆ, ದರೋಜಿಯಲ್ಲಿ ಕರಡಿ, ಹಕ್ಕಿ ತೋರಿಸುವವನಿಗೆ ವರ್ಷವಿಡೀ ಅನ್ನ ಕೊಡುತ್ತಿರುವುದು ಇದೇ ನೆಲ. ಅದನ್ನು ಉತ್ತು ಹೋಗುವವರು ಊಟವನ್ನೂ ಡಬ್ಬಿಯಲ್ಲಿಯೇ ತರುತ್ತಾರೆ.

ಆದ್ದರಿಂದ ಈ ತಿಂಗಳೊಳಗೆ ಆಗಬೇಕಾದ ಕೆಲಸಗಳಿವೆ. ಗೋಮಾಳ, ಹಳ್ಳದ ದಂಡೆ, ಗುಡ್ಡದ ದಾರಿಗಳಿರುವ ಪ್ರತಿ ಊರಿನಲ್ಲಿ ಗ್ರಾಮಸಭೆ ಸೇರಿ, ಮೋಜಿನ ವಾಹನಗಳು ಬಂಡಿಜಾಡು ಬಿಟ್ಟು ಇಳಿಯಬಾರದೆಂದು ನಿರ್ಣಯ ಬರೆಯಿಸಿ. ಅದರ ಪ್ರತಿಗಳನ್ನು ತಹಶೀಲ್ದಾರರಿಗೆ, ವಲಯ ಅರಣ್ಯಾಧಿಕಾರಿಗೆ, ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಮ್ಮ ಸೀಮೆ ಈಗ ಬಳ್ಳಾರಿ ಮತ್ತು ವಿಜಯನಗರ ಎಂಬ ಎರಡು ಜಿಲ್ಲೆಗಳಲ್ಲಿ ಹಂಚಿಹೋಗಿರುವುದರಿಂದ ಇಬ್ಬರು ಜಿಲ್ಲಾಧಿಕಾರಿಗಳಿಗೂ ಅರ್ಜಿ ಹೋಗಬೇಕು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರ ಕಡೆ ಕೈತೋರಿಸುವುದು ಸುಲಭ. ವಿದ್ಯಾರ್ಥಿಗಳು ಒಂದು ಅಳತೆಪಟ್ಟಿ, ಒಂದು ಪುಸ್ತಕ ಹಿಡಿದು ಗುಡ್ಡದಲ್ಲಿ ಈಗಾಗಲೇ ಬಿದ್ದಿರುವ ಜಾಡುಗಳ ಅಗಲ, ಆಳ, ಇಳಿಜಾರನ್ನು ದಿನಾಂಕ ಸಹಿತ ಬರೆದಿಡಿ. ರೋಹಿಣಿ ಮಳೆಯಾದ ವಾರಕ್ಕೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಆ ಎರಡು ಅಂಕಿಗಳನ್ನು ಈ ಪತ್ರಿಕೆಗೆ ಕಳಿಸಿದರೆ ಮುಂದಿನ ಅರ್ಜಿಗೆ ಅವನ್ನು ಲಗತ್ತಿಸಲಾಗುವುದು.