ಬಿಟ್ಟುಹೋದ ಕಲಾವಿದನೂ ಉಳಿದ ಮಂಡಳಿಯೂ

ಸುಗ್ಗಿ ಮುಗಿದು ಕಣದ ಕೆಲಸ ತೀರಿತೆಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ನಾಟಕದ ಮಾತು ಏಳುವುದು. ದೇವಸ್ಥಾನದ ಮುಂದಿನ ಬಯಲಿನಲ್ಲಿ ರಾತ್ರಿ ಮೊದಲಾದ ‘ಕುರುಕ್ಷೇತ್ರ’ವು ಬೆಳಗಾಗುವವರೆಗೂ ನಡೆಯುವುದು, ಮರುದಿನ ಜಗಲಿಗಳ ಮೇಲೆ ಅದರ ವಿಮರ್ಶೆ. ದುರ್ಯೋಧನನ ಪಾತ್ರಧಾರಿಯು ಹೇಗೆ ಹಾಡಿದನೆಂಬ ಚರ್ಚೆಯು ಬೇಗನೆ ಮುಗಿದು, “ಹಳೆಯ ಹಾರ್ಮೋನಿಯಂ ಮೇಷ್ಟರು ಇದ್ದಿದ್ದರೆ!” ಎಂಬಲ್ಲಿಗೆ ಮಾತು ಬಂದು ನಿಲ್ಲುವುದು. ಆ ಮೇಷ್ಟರು ಹೋದ ದಿನವೇ ಮಂಡಳಿಯೂ ಹೋಯಿತೆಂದು ಹಳಬರು ಹೇಳುವರು. ಊರು ಅದೇ, ಹೆಸರು ಅದೇ, ನಾಟಕವೂ ಅದೇ ಆಗಿರುವಾಗ ಮಂಡಳಿಯು ಹೋದುದೆಲ್ಲಿಗೆಂದು ಕಿರಿಯರು ಕೇಳುವರು. ಈ ತಿಂಗಳು ನಾವು ಈ ವಾದವನ್ನೇ ವಿಚಾರಕ್ಕೆ ತೆಗೆದುಕೊಳ್ಳುವೆವು.

ಹೊರಗಿನವರಿಗೆ ಹಾರ್ಮೋನಿಯಂ ಮೇಷ್ಟರೆಂದರೆ ರಂಗದ ಮುಂದೆ ಕುಳಿತು ವಾದ್ಯ ನುಡಿಸುವವರು, ಅಷ್ಟೆ. ಊರಿನವರು ಬಲ್ಲರು, ಅವರು ನಾಟಕದ ಗುರುಗಳು. ಹಗಲೆಲ್ಲ ನೇಗಿಲು ಹಿಡಿದ ರೈತನನ್ನೂ ಅಂಗಡಿಯಲ್ಲಿ ತಕ್ಕಡಿ ಹಿಡಿದ ವ್ಯಾಪಾರಿಯನ್ನೂ ತಿಂಗಳುಗಟ್ಟಲೆ ತಾಲೀಮು ಮಾಡಿಸಿ, ಭೀಮನನ್ನಾಗಿ ಶಕುನಿಯನ್ನಾಗಿ ನಿಲ್ಲಿಸುವವರು ಅವರೇ. ಕಂದವನ್ನು ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ಬಿಡಬೇಕು ಎಂಬುದೆಲ್ಲ ಅವರ ಬೆರಳಿನಲ್ಲಿರುವುದು. ನಟನ ಸ್ವರ ಜಾರಿದರೆ ವಾದ್ಯದ ಧ್ವನಿಯನ್ನು ತುಸು ಏರಿಸಿ, ಸಭಿಕರಿಗೆ ತಿಳಿಯದಂತೆ ಅವನನ್ನು ಶ್ರುತಿಗೆ ಎಳೆದುಕೊಳ್ಳುವರು. ಪಾವಗಡದ ಕಡೆ ಕನ್ನಡದೊಡನೆ ತೆಲುಗೂ ಮನೆಮಾತಾಗಿರುವುದರಿಂದ ಎರಡು ಭಾಷೆಗಳ ಪದ್ಯವನ್ನೂ ಬಲ್ಲವರಾದರೆ ಮತ್ತೂ ಮೇಲು. ಇಂಥವರ ಸ್ಥಾನ ತೆರವಾದಾಗ ರಸಿಕರು ಮರುಗುವುದು ನ್ಯಾಯವೇ.

ಈ ಜಗಳವು ನಮ್ಮ ಜಗಲಿಗೆ ಮಾತ್ರ ಸೇರಿದುದಲ್ಲ. ಅಮೆರಿಕದ ದಕ್ಷಿಣ ಸೀಮೆಯ ಕಪ್ಪು ಜನರು ತಮ್ಮ ದುಡಿಮೆ ದುಃಖಗಳ ನಡುವೆ ಬೆಳೆಸಿದ ‘ಬ್ಲೂಸ್’ ಎಂಬ ಗಾನವುಂಟು. ಇಂಗ್ಲೆಂಡಿನ ತರುಣರು 1960ರ ದಶಕದಲ್ಲಿ ಅದನ್ನು ವಿದ್ಯುತ್ ಗಿಟಾರಿಗೂ ಜೋರಾದ ಡ್ರಮ್ಮಿಗೂ ಹೊಂದಿಸಿಕೊಂಡರು. ಅದಕ್ಕೆ ಬ್ಲೂಸ್-ರಾಕ್ ಎಂದು ಹೆಸರಾಯಿತು. ಆ ಬಗೆಯ ಮೊದಮೊದಲ ಮೇಳಗಳಲ್ಲಿ ‘ಫ್ಲೀಟ್‌ವುಡ್ ಮ್ಯಾಕ್’ ಎಂಬುದೊಂದು. 1967ರಲ್ಲಿ ಅದನ್ನು ಲಂಡನ್ನಿನಲ್ಲಿ ಕಟ್ಟಿದವನು ಪೀಟರ್ ಗ್ರೀನ್ ಎಂಬ ಗಿಟಾರು ವಾದಕ. ಮೇಳಕ್ಕೆ ಆತನು ತನ್ನ ಹೆಸರನ್ನಿಡಲಿಲ್ಲ. ಡ್ರಮ್ ಬಾರಿಸುವ ಮಿಕ್ ಫ್ಲೀಟ್‌ವುಡ್ ಮತ್ತು ಬೇಸ್ ಗಿಟಾರಿನ ಜಾನ್ ಮೆಕ್‌ವೀ ಎಂಬಿಬ್ಬರು ಸಂಗಡಿಗರ ಹೆಸರುಗಳನ್ನು ಕೂಡಿಸಿ ಇಟ್ಟನು. ವೇಗದಿಂದ ಬೆರಗುಗೊಳಿಸುವ ಹಂಬಲ ಆತನಿಗಿರಲಿಲ್ಲ. ಕೆಲವೇ ಸ್ವರಗಳನ್ನು ನುಡಿಸಿ, ನಡುವೆ ಮೌನಕ್ಕೂ ಎಡೆಗೊಡುತ್ತಿದ್ದನು. ಮಾತಿಲ್ಲದ ಆತನ ‘ಆಲ್ಬಟ್ರಾಸ್’ ಎಂಬ ವಾದ್ಯಗೀತವು 1969ರ ಜನವರಿಯಲ್ಲಿ ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು.

ಮರುವರ್ಷ, 1970ರ ಮೇ ತಿಂಗಳಿನಲ್ಲಿ, ಗ್ರೀನನು ಮೇಳವನ್ನು ಬಿಟ್ಟನು. ಕೈಗೆ ಬಂದ ಹಣ ಆತನಿಗೆ ಭಾರವಾಗಿದ್ದಿತು. ಅದನ್ನು ದಾನಮಾಡಿಬಿಡೋಣವೆಂದರೆ ಸಂಗಡಿಗರು ಒಪ್ಪಲಿಲ್ಲ. ಮನಸ್ಸಿನ ಆರೋಗ್ಯವೂ ಕೆಟ್ಟು, ಮುಂದೆ ಬಹುಕಾಲ ಚಿಕಿತ್ಸೆ ಪಡೆಯಬೇಕಾಯಿತು. ಉಳಿದ ಮೇಳವು ಹೊಸಬರನ್ನು ಸೇರಿಸಿಕೊಂಡು, ಹಾಡಿನ ರೀತಿಯನ್ನೇ ಬದಲಿಸಿಕೊಂಡು, 1977ರಲ್ಲಿ ‘ರೂಮರ್ಸ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಅದರ ನಾಲ್ಕು ಕೋಟಿಗೂ ಹೆಚ್ಚು ಪ್ರತಿಗಳು ಲೋಕದಲ್ಲೆಲ್ಲ ಮಾರಾಟವಾಗಿವೆ. ಆದರೂ ಗ್ರೀನನಿದ್ದ ಮೂರು ವರ್ಷಗಳ ಮೇಳವೇ ನಿಜವಾದ ಮೇಳವೆಂದು ಸಾಧಿಸುವ ರಸಿಕರು ಇಂದಿಗೂ ಉಂಟು. ಅವರ ಮಾತಿಗೂ ನಮ್ಮ ಜಗಲಿಯ ಹಳಬರ ಮಾತಿಗೂ ಭಾಷೆಯೊಂದನ್ನು ಬಿಟ್ಟರೆ ಭೇದವಿಲ್ಲ.

ಇಲ್ಲಿ ಮರೆಯತಕ್ಕುದಲ್ಲದ ವಿಚಾರವೊಂದಿದೆ. ಬಿಟ್ಟುಹೋದವನು ಮನುಷ್ಯನು. 1990ರ ದಶಕದ ಕೊನೆಯಲ್ಲಿ ಗ್ರೀನನು ಚೇತರಿಸಿಕೊಂಡು, ಬೇರೊಂದು ಮೇಳದೊಡನೆ ಮತ್ತೆ ವಾದ್ಯ ಹಿಡಿದನು. ಹಿಂದಿನ ನುಡಿಸಾಣಿಕೆಯೇ ಬೇಕೆಂದು ಬಂದವರಿಗೆ ಆತನ ಇಳಿದ ಕೈ ಮಾತ್ರ ಕಂಡಿರಬಹುದು. ರೋಗವನ್ನು ದಾಟಿ ಬಂದವನೊಬ್ಬನು ಮತ್ತೆ ರಂಗವನ್ನೇರಿದನೆಂಬುದು ಕಂಡವರೇ ರಸಿಕರು. 2020ರ ಜುಲೈ 25ರಂದು, ತನ್ನ 73ನೆಯ ವಯಸ್ಸಿನಲ್ಲಿ, ಗ್ರೀನನು ತೀರಿಕೊಂಡನು. ನಮ್ಮ ಊರಿನ ಮೇಷ್ಟರೂ ವಯಸ್ಸಿನಿಂದಲೋ, ಕಾಯಿಲೆಯಿಂದಲೋ, ಸಂಭಾವನೆ ಸಾಲದೆಯೋ ವಾದ್ಯವನ್ನು ಮುಚ್ಚಿರುತ್ತಾರೆ. ಅವರ ಗುಣಗಾನ ಮಾಡುವ ನಾವು ಅವರ ಮನೆಯ ಬಾಗಿಲಿಗೆ ಎಷ್ಟು ಸಲ ಹೋಗಿದ್ದೇವೆ?

ಇನ್ನು, ಕಲಾವಿದನು ಹೋದರೆ ಮಂಡಳಿಯೂ ಹೋಗುವುದೆ? ಇದಕ್ಕೆ ಉತ್ತರವನ್ನು ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿಯೇ ಹುಡುಕಬಹುದು. ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿದುದು 1884ರಲ್ಲಿ. ಬಾಲನಾಗಿ ಅದರಲ್ಲಿ ಸೇರಿದ ವೀರಣ್ಣನವರು 1917ರಲ್ಲಿ ಅದರ ಒಡೆತನವನ್ನು ವಹಿಸಿಕೊಂಡರು. 1934ರಲ್ಲಿ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ನಾಡನ್ನು ಬೆರಗುಗೊಳಿಸಿದರು. ಕಂಪನಿಯಲ್ಲಿ ಪಳಗಿದವರು ಒಬ್ಬೊಬ್ಬರಾಗಿ ಹೊರಟರು. ರಾಜಕುಮಾರ್, ತಿಪಟೂರಿನ ನರಸಿಂಹರಾಜು, ಜಿ. ವಿ. ಅಯ್ಯರ್ ಮೂವರೂ 1954ರ ‘ಬೇಡರ ಕಣ್ಣಪ್ಪ’ದಿಂದ ಚಿತ್ರರಂಗದಲ್ಲಿ ನೆಲೆಯೂರಿದರು. ಮನೆಬಿಟ್ಟು ಓಡಿಬಂದು ಸೇರಿದ್ದ ಬಿ. ವಿ. ಕಾರಂತರನ್ನು ವೀರಣ್ಣನವರೇ ವಿದ್ಯಾಭ್ಯಾಸಕ್ಕೆಂದು ಕಾಶಿಗೆ ಕಳುಹಿಸಿದರು. ಅವರು ಮುಂದೆ ಭಾರತದ ಹಿರಿಯ ರಂಗನಿರ್ದೇಶಕರಲ್ಲಿ ಒಬ್ಬರಾದರು. ಹೋಗುವವರನ್ನು ಹರಸಿ ಕಳುಹಿಸಿದ ಮಂಡಳಿಯು ಅವರಿಂದ ಬರಿದಾಯಿತೆನ್ನಬಹುದೆ? ಅದರ ಬೀಜವೇ ಅಲ್ಲವೆ ಬೇರೆ ಬೇರೆ ಹೊಲಗಳಲ್ಲಿ ಬೆಳೆದುದು?

1972ರಲ್ಲಿ ವೀರಣ್ಣನವರೂ ತೀರಿಕೊಂಡರು. ‘ಸದಾರಮೆ’ಯ ಕಳ್ಳನ ಪಾತ್ರವು ಅವರ ಹಾಸ್ಯಕ್ಕೆ ಮುಡಿಪಾದುದೆಂದು ನೋಡಿದವರೆಲ್ಲ ನಂಬಿದ್ದರು. ಮುಂದೆ ಅದೇ ಕಳ್ಳನಾಗಿ ರಂಗಕ್ಕೆ ಬಂದವರು ಅವರ ಮೊಮ್ಮಗಳು ಬಿ. ಜಯಶ್ರೀಯವರು. ಅಜ್ಜನನ್ನು ಕಂಡವರು ಮೊಮ್ಮಗಳನ್ನು ಹೋಲಿಸಿ ನೋಡುವುದು ಸಹಜ. ಆದರೆ ಆ ಹೋಲಿಕೆಯ ಭಯಕ್ಕೆ ಅವರು ಹಿಂಜರಿದಿದ್ದರೆ, ಅಜ್ಜನನ್ನು ಕಾಣದ ನಮ್ಮ ಮಕ್ಕಳಿಗೆ ಆ ಕಳ್ಳನು ಬರಿಯ ಹೆಸರಾಗಿ ಉಳಿಯುತ್ತಿದ್ದನು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಹೋದವನನ್ನು ನೆನೆಯುವುದು ರಸಿಕನ ಧರ್ಮ. ಆ ನೆನಪನ್ನೇ ದೊಣ್ಣೆಯಾಗಿ ಹಿಡಿದು ಬಂದವನನ್ನು ಹೊಡೆಯುವುದು ಧರ್ಮವಲ್ಲ. ಹೊಸ ಮೇಷ್ಟರು ಮೊದಲನೆಯ ರಾತ್ರಿ ವಾದ್ಯದ ಮುಂದೆ ಕುಳಿತಿರುವಾಗಲೇ, ಅವರ ಕಿವಿಗೆ ಬೀಳುವಂತೆ ಹಳಬರನ್ನು ಹೊಗಳಿದರೆ, ಮರುವರ್ಷ ಅವರೂ ಬರಲಿಕ್ಕಿಲ್ಲ. ಆಗ ಮಂಡಳಿಯು ನಿಜವಾಗಿ ಹೋಗುವುದು.

ಗೃಹಸ್ಥರು ಮಾಡಬಹುದಾದ ಕೆಲಸವೊಂದುಂಟು. ಗ್ರೀನನು ನುಡಿಸಿದುದು ಮುದ್ರಿಕೆಗಳಲ್ಲಿ ಉಳಿದಿದೆ. ಅವನನ್ನು ಕಾಣದವರೂ ಅದನ್ನು ಕೇಳಿ ವಾದ ಹೂಡಬಲ್ಲರು. ಬರೆದಿಡದ, ಮುದ್ರಿಸಿಡದ ಮಟ್ಟುಗಳಾದರೋ ಮೇಷ್ಟರೊಡನೆಯೇ ಹೋಗುವುವು. ಈಗ ಮನೆಮನೆಯಲ್ಲಿಯೂ ಮೊಬೈಲ್ ಫೋನಿದೆ. ಬಿಡುವಾದ ಒಂದು ಸಂಜೆ ವೃದ್ಧ ಮೇಷ್ಟರ ಮನೆಗೆ ಹಣ್ಣು, ಎಲೆ, ಅಡಿಕೆಯೊಡನೆ ಹೋಗಿ, ಅವರ ಅಪ್ಪಣೆ ಪಡೆದು ನಾಲ್ಕು ಮಟ್ಟುಗಳನ್ನು ಹಾಡಿಸಿ ಮುದ್ರಿಸಿಕೊಳ್ಳಿರಿ. ಯಾವ ನಾಟಕದ್ದು, ಯಾವ ಪಾತ್ರದ್ದು, ಯಾರಿಂದ ಕಲಿತದ್ದು ಎಂಬುದನ್ನು ಕೇಳಿ ಬರೆದಿಡಿರಿ. ಒಂದು ಪ್ರತಿಯನ್ನು ಹೊಸ ಮೇಷ್ಟರಿಗೂ ಕೊಡಿರಿ.