ಕೊಂಡ ಫೋನಿನ ಮೇಲೆ ಕೊಂಡವರ ಹಕ್ಕು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಎಷ್ಟೋ ಮನೆಗಳಿಗೆ ಹೊಸ ಫೋನು ಬರುವುದು ಶೇಂಗಾ ಮಾರಿದ ಮೇಲೆ, ಇಲ್ಲವೇ ಸೀರೆ ನೇಯ್ದ ಕೂಲಿ ಕೈಸೇರಿದ ಮೇಲೆ. ಮಳೆ ಕೈಕೊಟ್ಟ ವರ್ಷ ಹಳೆಯದೇ ಗತಿ. ಆದರೆ ಆ ಹಳೆಯ ಫೋನು ಎಷ್ಟು ವರ್ಷ ಬಾಳಬೇಕು ಎಂದು ತೀರ್ಮಾನಿಸುವವರು ಕೊಂಡವರಲ್ಲ. ಪರದೆ, ಬ್ಯಾಟರಿ ಗಟ್ಟಿಯಾಗಿದ್ದರೂ ಅಗ್ಗದ ಎಷ್ಟೋ ಫೋನುಗಳಿಗೆ ಎರಡು ಮೂರು ವರ್ಷದಲ್ಲೇ ಅಪ್‌ಡೇಟ್ ನಿಂತುಹೋಗುತ್ತದೆ. ಮೊದಲು ಭದ್ರತೆ ಸಡಿಲವಾಗುತ್ತದೆ, ಆಮೇಲೆ ಒಂದೊಂದೇ ಆ್ಯಪ್ ಕೈಕೊಡುತ್ತದೆ. 2020ರಲ್ಲಿ ‘ನನ್ನ ಬೆಳೆ ನನ್ನ ಹಕ್ಕು’ ಎಂದು ಸರ್ಕಾರವೇ ಬೆಳೆ ಸಮೀಕ್ಷೆಯನ್ನು ರೈತರ ಫೋನಿಗೆ ತಂದಿತು. ಬೆಳೆಯ ಹಕ್ಕು ಹೇಳಿಕೊಳ್ಳಲು ಬೇಕಾದ ಫೋನಿನ ಮೇಲೂ ರೈತರಿಗೆ ಹಕ್ಕಿರಬೇಕಲ್ಲವೇ?

ಈ ಹಕ್ಕಿನ ಮಾತು ಶೇಂಗಾ ಬೆಳೆಯುವವರಿಗೆ ಹೊಸದಲ್ಲ. 1940ರಲ್ಲಿ ತಿಂಡಿವನದಲ್ಲಿ ಬಿಡುಗಡೆಯಾದ ಟಿಎಂವಿ-2 ತಳಿಯನ್ನು ನಮ್ಮ ರೈತರು ಬಿತ್ತಿ, ಬೀಜ ಉಳಿಸಿಕೊಂಡು, ನೆರೆಯವರಿಗೂ ಕೊಟ್ಟು ಬೆಳೆದಿದ್ದಾರೆ. ಬೀಜ ಉಳಿಸುವ, ಹಂಚುವ ಈ ರೂಢಿಗೆ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಕಾನೂನಿನ ಬಲ ಕೊಟ್ಟಿದೆ. ಮುಕ್ತ ತಂತ್ರಾಂಶದ ನಡೆಯೂ ಇದೇ. ಅದರ ಕೋಡ್ ಅನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಆಂಡ್ರಾಯ್ಡ್‌ನ ಬುಡ ಮುಕ್ತವಾದದ್ದೇ. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಅದರ ಅಡಿಪಾಯ. ಆದರೆ ಅಂಗಡಿಗೆ ಬರುವ ಫೋನಿನಲ್ಲಿ ಅದರ ಮೇಲೆ ಗೂಗಲ್ಲಿನ, ತಯಾರಕರ ಮುಚ್ಚಿದ ತಂತ್ರಾಂಶ ಕುಳಿತಿರುತ್ತದೆ. ತನ್ನ ಆ್ಯಪ್‌ಗಳ ಕಟ್ಟನ್ನೇ ಫೋನುಗಳಲ್ಲಿ ಕಡ್ಡಾಯ ಮಾಡಿದ್ದೂ ಸೇರಿದಂತೆ ಪ್ರಾಬಲ್ಯದ ದುರ್ಬಳಕೆಗಾಗಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು.

ಬಾಗಿಲು ತೆರೆದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡವೇ ಸಾಕ್ಷಿ. ಆಂಡ್ರಾಯ್ಡ್‌ನಲ್ಲಿ ಹೊರಗಿನವರೂ ಕೀಲಿಮಣೆ ಮಾಡಿ ಸೇರಿಸಲು 2009ರಲ್ಲೇ ಅವಕಾಶವಿತ್ತು. ಹಾಗಾಗಿ ಸ್ವಯಂಸೇವಕರು ಕನ್ನಡದ ಕೀಲಿಮಣೆ ಮಾಡಿ ಪುಕ್ಕಟೆ ಕೊಟ್ಟರು. ಐಫೋನ್ ಆ ಅವಕಾಶ ಕೊಟ್ಟದ್ದು 2014ರಲ್ಲಿ. ಆಪಲ್ ತಾನೇ ಕನ್ನಡ ಕೀಲಿಮಣೆ ತಂದದ್ದು 2017ರಲ್ಲಿ. ಅಷ್ಟು ವರ್ಷ ಒಂದು ಕಂಪನಿಯ ಮರ್ಜಿಗೆ ನಮ್ಮ ನುಡಿ ಕಾಯಬೇಕಾಯಿತು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕಟ್ಟಿದ ‘ಅಲರ್’ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಡಿ ಬಂತು. ಅದರ ಪದಸಂಪತ್ತು ಇವತ್ತು ಯಾರ ಅಪ್ಪಣೆಯೂ ಇಲ್ಲದೆ ಎಲ್ಲರ ಬಳಕೆಗೆ ಸಿಗುತ್ತದೆ.

ಕಂಪನಿ ಕೈಬಿಟ್ಟ ಫೋನುಗಳಿಗೂ ಇಂಥದೇ ದಾರಿಯಿದೆ. 2016ರ ಕೊನೆಯಲ್ಲಿ ಶುರುವಾದ ಲೀನಿಯೇಜ್ ಓಎಸ್‌ನ ಸ್ವಯಂಸೇವಕರು ಹಲವು ಹಳೆಯ ಮಾದರಿಗಳಿಗೆ ಹೊಸ ಆಂಡ್ರಾಯ್ಡ್ ಒದಗಿಸುತ್ತಿದ್ದಾರೆ. ತೊಡಕುಗಳೂ ಇವೆ. ಅದನ್ನು ಹಾಕಲು ಮೊದಲು ಬೂಟ್‌ಲೋಡರ್, ಅಂದರೆ ಫೋನನ್ನು ಚಾಲೂ ಮಾಡುವ ತಂತ್ರಾಂಶಕ್ಕೆ ಕಂಪನಿ ಹಾಕಿದ ಬೀಗ, ತೆರೆಯಬೇಕು. ತೆರೆದರೆ ಫೋನಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಕೆಲವು ಬ್ಯಾಂಕ್ ಆ್ಯಪ್‌ಗಳು ಆಮೇಲೆ ನಡೆಯುವುದಿಲ್ಲ. ಆದ್ದರಿಂದ ಮನೆಯ ದುಡ್ಡಿನ ವ್ಯವಹಾರವಿರುವ ಫೋನಿಗೆ ಕೈಹಾಕುವುದು ಬೇಡ. ಮೂಲೆ ಸೇರಿದ ಹಳೆಯ ಫೋನಿನಿಂದ ಶುರುಮಾಡಿ, ಅದನ್ನು ಮಕ್ಕಳ ಓದಿಗೆ ಕೊಡಬಹುದು. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಐಐಎಸ್‌ಸಿ ಆವರಣದಲ್ಲಿ ಶಿಕ್ಷಕರಿಗೆ ವಿಜ್ಞಾನದ ತರಬೇತಿ ನಡೆಯುತ್ತದೆ. ಅಲ್ಲಿ ಈ ವಿದ್ಯೆಗೂ ಒಂದು ದಿನ ಮೀಸಲಿಟ್ಟರೆ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕುಗಳ ಶಾಲೆಗಳಿಗೆ ಅದು ತಲುಪುತ್ತದೆ.

ಆದರೆ ಇದನ್ನು ಜನರ ಜಾಣ್ಮೆಗಷ್ಟೇ ಬಿಟ್ಟು ಸರ್ಕಾರ ಸುಮ್ಮನಿರುವಂತಿಲ್ಲ. ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಬೇಕೆಂಬ ನಿಯಮ ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್‌ನಿಂದ ಜಾರಿಯಲ್ಲಿದೆ. ನಮ್ಮಲ್ಲೂ ಅದು ಬರಬೇಕು. ಅಪ್‌ಡೇಟ್ ನಿಲ್ಲಿಸುವ ಕಂಪನಿ ಬೂಟ್‌ಲೋಡರ್ ತೆರೆಯುವ ಹಕ್ಕನ್ನು ಫೋನು ಕೊಂಡವರಿಗೆ ಕೊಡಲೇಬೇಕು. ಅಲ್ಲಿಯವರೆಗೆ, ಹೊಸ ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಿ: ಅಪ್‌ಡೇಟ್ ಎಷ್ಟು ವರ್ಷ? ಬೂಟ್‌ಲೋಡರ್ ತೆರೆಯಲು ಕಂಪನಿ ಬಿಡುತ್ತದೆಯೇ? ಉತ್ತರ ಸಿಗದ ಫೋನಿಗೆ ಬೆವರಿನ ದುಡ್ಡು ಸುರಿಯಬೇಡಿ.